ಭಾನುವಾರದ ಪ್ರೇಮಕಥೆಗಳು

ನನ್ನ ಕನ್ನಡ ಪ್ರೇಮಕಥೆಗಳಿಂದ ಬಂದದ್ದು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಬೀದಿ ನನಗೆ ಹಿಂದಿ ಕೊಟ್ಟಿತು, ಶಾಲೆ ಇಂಗ್ಲಿಷ್ ಕೊಟ್ಟಿತು. ಕನ್ನಡವನ್ನು ನಾನು ಭಾನುವಾರದ ಬೆಳಿಗ್ಗೆಗಳಲ್ಲಿ, ಅಪ್ಪ ಹೇಳುತ್ತ ಅಮ್ಮ ಬರೆದುಕೊಳ್ಳುತ್ತಿದ್ದ ಕಥೆಗಳಿಂದ ಕಲಿತೆ. ಅಡುಗೆಮನೆಯ ಜರಡಿಗೆ ಏನನ್ನುತ್ತಾರೆಂದು ತಿಳಿಯದೆ 'ಛನ್ನಿ' ಎನ್ನುತ್ತಿದ್ದ ಹುಡುಗಿಗೆ ವಿರಹ, ಅನುರಾಗ, ನಿಟ್ಟುಸಿರು, ಕಂಪಿಸುವ ತುಟಿ ಎಂಬ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಯಾವ ಭಾಷೆಯಲ್ಲಿ ನಾನು ಈಗ ಉತ್ತರ ಕೇಳಲು ಹೊರಟಿದ್ದೇನೋ ಆ ಭಾಷೆ ಯಾರ ಬಾಯಿಂದ ನನಗೆ ಬಂತು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದ. ವಾರವೆಲ್ಲ ಅಧಿಕಾರಿಗಳ ಎದುರು ಪ್ಯಾಡ್ ಹಿಡಿದು ಕುಳಿತು, ಅವರು ಆಕಳಿಸುತ್ತ ಹೇಳಿದ ಇಂಗ್ಲಿಷನ್ನು ಬರೆದುಕೊಳ್ಳುವುದು ಅವನ ಕೆಲಸ. ಭಾನುವಾರ ಈ ಏರ್ಪಾಡು ತಲೆಕೆಳಗಾಗುತ್ತಿತ್ತು. ಬನಿಯನ್ನಿನ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮಂಚಕ್ಕೂ ಅಲ್ಮೆರಾಕ್ಕೂ ನಡುವಿನ ಕಿರಿದಾದ ಜಾಗದಲ್ಲಿ ಅಪ್ಪ ಅಡ್ಡಾಡುತ್ತಿದ್ದ. ಹೊಲಿಗೆ ಯಂತ್ರದ ಮುಚ್ಚಳ ಹಾಕಿ ಅದನ್ನೇ ಮೇಜು ಮಾಡಿಕೊಂಡು ಅಮ್ಮ ಕುಳಿತಿರುತ್ತಿದ್ದಳು. ಅಪ್ಪ ತನ್ನ ಅಧಿಕಾರಿಗಳ ಧಾಟಿಯಲ್ಲೇ ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುತ್ತಿದ್ದ. "ಅವಳ ಕಣ್ಣಂಚಿನಲ್ಲಿ ನೀರು ತುಳುಕಿತು, ಫುಲ್‌ಸ್ಟಾಪ್, ನ್ಯೂ ಪ್ಯಾರಾ" ಎನ್ನುವಾಗ ಅವನ ಗಂಟಲು ನಿಜವಾಗಿಯೂ ಗದ್ಗದವಾಗುತ್ತಿತ್ತು. ಅಮ್ಮನ ಮುಖ ನೋಡಿ ಅಪ್ಪ 'ಪ್ರಿಯೆ' ಎಂದದ್ದನ್ನು ನಾನು ಅನೇಕ ಸಲ ಕೇಳಿದ್ದೇನೆ. ಪ್ರತಿ ಸಲವೂ ಅದರ ಹಿಂದೆಯೇ 'ಆಶ್ಚರ್ಯಸೂಚಕ' ಎಂಬ ಮಾತು ಬರುತ್ತಿತ್ತು. ಬೇರೆ ಹೊತ್ತಿನಲ್ಲಿ ಅಪ್ಪ ಅಮ್ಮನನ್ನು ಕರೆಯುತ್ತಿದ್ದುದು 'ಏ, ಇಲ್ಲಿ' ಎಂದು. ಅಡುಗೆಮನೆಯಿಂದ ಕುಕ್ಕರ್ ಕೂಗಿದರೆ ಅಮ್ಮ ಪೆನ್ನಿಟ್ಟು ಏಳುತ್ತಿದ್ದಳು, ಅಪ್ಪನ ಹುಬ್ಬು ಗಂಟಾಗುತ್ತಿತ್ತು.

"ನಾಯಕಿ ರೈಲ್ವೆ ಪ್ಲಾಟ್‌ಫಾರಂನಲ್ಲಿ ಅಳ್ತಾ ನಿಂತಿದಾಳೆ. ನಿನಗೆ ಬೇಳೆ ಚಿಂತೆ."

"ಅವಳು ಅಳ್ತಾ ಇರ್ಲಿ. ಬೇಳೆ ಸೀದ್ರೆ ನೀವು ಅಳ್ತೀರಿ."

ಕಥೆಗಳೆಲ್ಲ ಒಂದೇ ಜಾತಿಯವು. ಎಂದರೆ, ಜಾತಿಯನ್ನು ಮೀರುವ ಕಥೆಗಳು. ಒಂದು ಹೆಣ್ಣು, ಒಂದು ಗಂಡು, ನಡುವೆ ಜಾತಿಯದೋ ಧರ್ಮದ್ದೋ ಗೋಡೆ, ಕೊನೆಯ ಪುಟದಲ್ಲಿ ಗೋಡೆ ಬೀಳುತ್ತಿತ್ತು. ಒಬ್ಬ ಹಿರಿಯ, ಸಾಮಾನ್ಯವಾಗಿ ಒಬ್ಬ ಗಂಡಸು, ಎದ್ದು ನಿಂತು ಆಡುವ ಒಂದು ಮಾತಿನಿಂದ ಅದು ಬೀಳುತ್ತಿತ್ತು. ಕರ್ನಾಟಕದ ವಾರಪತ್ರಿಕೆಗಳು ಇವನ್ನು ಚಿತ್ರಸಮೇತ ಅಚ್ಚು ಹಾಕುತ್ತಿದ್ದವು. ದೆಹಲಿಯ ಕನ್ನಡಿಗರ ನಡುವೆ ಅಪ್ಪನಿಗೆ ಹೆಸರಿತ್ತು. ಮಾರ್ಕೆಟ್ಟಿನಲ್ಲಿ ಪಾಲಕ್ ಸೊಪ್ಪು ಆರಿಸುತ್ತ ನಿಂತಿದ್ದಾಗ ಯಾರೋ ಬಂದು "ಸಾರ್, ಮೊನ್ನೆಯ ಕಥೆ ಓದಿ ನನ್ನ ಹೆಂಡತಿ ಊಟ ಬಿಟ್ಟಳು" ಎಂದರೆ ಅಪ್ಪ ಸೊಪ್ಪಿನ ಕಟ್ಟನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಸರಿಪಡಿಸಿಕೊಂಡು ವಿನಯದಿಂದ ನಗುತ್ತಿದ್ದ. ಆ ವಿನಯದಷ್ಟು ನನ್ನನ್ನು ಕೆರಳಿಸುವುದು ಇಂದಿಗೂ ಬೇರೊಂದಿಲ್ಲ.

ಇಂಥ ಮನೆಗೆ ಅಮ್ಮನ ತಂಗಿ ವಿನುತಾ ಬಂದಳು. ನನಗಾಗ ಹತ್ತು ವರ್ಷವಿರಬಹುದು. ಗುಡಗಾಂವ್‌ನ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ತಿಪಟೂರಿನಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾಗಿದ್ದ ತಾತ, ಅಳಿಯಂದಿರ ಮನೆಯಲ್ಲಿರುವುದಾದರೆ ಮಾತ್ರ ಎಂಬ ಷರತ್ತಿನ ಮೇಲೆ ಅವಳನ್ನು ಕಳಿಸಿದ್ದರು. ಪ್ಲೈವುಡ್ ಹೊಡೆದು ಮುಚ್ಚಿದ್ದ ಬಾಲ್ಕನಿಯೇ ಅವಳ ಕೋಣೆಯಾಯಿತು. ನಾನು ಕೂಲರಿನ ಗಾಳಿ ಬಿಟ್ಟು ಅಲ್ಲಿಗೇ ಹೋಗಿ ಅವಳ ಪಕ್ಕ ಮಲಗುತ್ತಿದ್ದೆ. ಚಿಕ್ಕಮ್ಮ ಎಂದು ಕರೆದರೆ ಮುದುಕಿಯಾದ ಹಾಗಾಗುತ್ತದೆಂದು ಹೆಸರು ಹಿಡಿದೇ ಕರೆಸಿಕೊಂಡವಳು ಅವಳು. ಸರೋಜಿನಿ ಮಾರ್ಕೆಟ್ಟಿನ ರಾಶಿಗಳಿಂದ ಯಾರ ಕಣ್ಣಿಗೂ ಬೀಳದ ಚೆಂದದ ಕುರ್ತಾಗಳನ್ನು ಎಳೆದು ತೆಗೆಯುತ್ತಿದ್ದಳು. ಜೋರಾಗಿ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅದುವರೆಗೆ ನಗು ಕಥೆಗಳೊಳಗೆ ಮಾತ್ರ ಕೇಳಿಸುತ್ತಿತ್ತು, ಅದೂ 'ಕಿಲಕಿಲನೆ' ಎಂಬ ಕ್ರಿಯಾವಿಶೇಷಣದ ಜೊತೆಗೆ.

ವಿನುತಾಳ ಹಿಂದೆಯೇ, ಕೆಲವು ತಿಂಗಳ ನಂತರ, ವಾಲ್ಟರ್ ನಮ್ಮ ಮನೆಗೆ ಬರತೊಡಗಿದ. ಅದೇ ಕಂಪನಿಯವನು, ಉಡುಪಿಯ ಕಡೆಯ ಕ್ಯಾಥೊಲಿಕ್ ಕ್ರೈಸ್ತ, ಮುನಿರ್ಕಾದಲ್ಲಿ ಗೆಳೆಯರೊಡನೆ ಬಾಡಿಗೆ ಕೋಣೆಯಲ್ಲಿದ್ದ. ಅಪ್ಪನ ಕಥೆಗಳನ್ನು ಓದಿದ್ದೇನೆಂದು ಹೇಳಿಕೊಂಡು ಬಂದವನು, ಭಾನುವಾರದ ಖಾಯಂ ಶ್ರೋತೃವಾದ. ಬರೆಸುವಾಗ ಮಂಚದ ತುದಿಯಲ್ಲಿ ಕುಳಿತು, ತನ್ನ ಕರಾವಳಿಯ ಅಚ್ಚುಕಟ್ಟಾದ ಕನ್ನಡದಲ್ಲಿ ನಡುನಡುವೆ ಉದ್ಗರಿಸುತ್ತಿದ್ದ.

"ಎಂಥ ಬರೆಸ್ತೀರಿ ಮಾರಾಯ್ರೆ! ಆ ಹುಡುಗಿಯ ಅಪ್ಪ ಒಪ್ಪುವುದು ಹೇಗೆ ಈಗ? ನನಗೆ ಇಲ್ಲಿ ಎದೆ ಹೊಡೆದುಕೊಳ್ತದೆ."

"ಒಪ್ಪಿಸ್ತೀನಿ ಇರಯ್ಯ," ಎನ್ನುತ್ತಿದ್ದ ಅಪ್ಪ, ಸಂತೋಷದಿಂದ ಉಬ್ಬಿ. "ಒಪ್ಪಿಸೋಕೆ ತಾನೇ ನಾನಿರೋದು."

ಈ ಮಾತನ್ನು ವಿನುತಾ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ವಾಲ್ಟರ್‌ಗೆ ನಮ್ಮ ಮನೆಯಲ್ಲಿ ನೀಲಿ ಹೂವಿನ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಡುತ್ತಿದ್ದರು. ನಮಗೆಲ್ಲ ಸ್ಟೀಲಿನ ಲೋಟ. ನನಗೆ ಅಸೂಯೆಯಾಗಿ, "ಅಮ್ಮಾ, ಅಂಕಲ್‌ಗೇ ಯಾಕೆ ಸ್ಪೆಶಲ್ ಕಪ್? ಮುಝೆ ಭೀ ಬೇಕು," ಎಂದು ಹಠ ಮಾಡಿದೆ. ಅಮ್ಮ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅದು ಹೊರಗಿನವರ ಕಪ್ಪು, ನಾವು ಅದಕ್ಕೆ ಬಾಯಿ ಹಚ್ಚಬಾರದು ಎಂದಳು. ಅದನ್ನು ತೊಳೆಯುತ್ತಿದ್ದುದು ಬೇರೆ ನಾರಿನಲ್ಲಿ, ಇಡುತ್ತಿದ್ದುದು ಕಿಟಕಿಯ ಮೇಲೆ. ವಾಲ್ಟರ್ ಮಾತ್ರ ಅದನ್ನು ಮರ್ಯಾದೆಯೆಂದೇ ತಿಳಿದಿದ್ದ. "ನನಗೆ ಇಷ್ಟೆಲ್ಲ ಉಪಚಾರ ಬೇಡ ಅಕ್ಕ," ಎನ್ನುತ್ತಿದ್ದ. ಒಂದು ಭಾನುವಾರ ಕಥೆಯ ನಾಯಕ ನಾಯಕಿಯರು ಒಂದೇ ತಟ್ಟೆಯಲ್ಲಿ ಉಣ್ಣುವ ಸನ್ನಿವೇಶವನ್ನು ಅಪ್ಪ ಮೈಮರೆತು ಬರೆಸುತ್ತಿದ್ದಾಗ, ವಿನುತಾ ನಡೆದು ಬಂದು ವಾಲ್ಟರ್‌ನ ಕೈಯಿಂದ ಆ ಕಪ್ಪನ್ನು ತೆಗೆದುಕೊಂಡು, ಉಳಿದ ಕಾಫಿಯನ್ನು ನಿಧಾನವಾಗಿ ಕುಡಿದು, ಕಪ್ಪನ್ನು ಅವನ ಕೈಗೇ ಮರಳಿಸಿದಳು. ಅಪ್ಪ ಸೂರು ನೋಡುತ್ತಿದ್ದ, ಕಾಣಲಿಲ್ಲ. ಅಮ್ಮ ಕಂಡಳು. ಅವಳ ಪೆನ್ನು ನಿಂತಿತು, ಮತ್ತೆ ಓಡಿತು. ನನಗೆ ಪ್ರೇಮವೆಂದರೇನು ಎಂದು ಗೊತ್ತಾದದ್ದು ಅಂದು; ಅಪ್ಪ ಬರೆಸಿದ ಅಷ್ಟೂ ಕಥೆಗಳಲ್ಲಿ ಅದಕ್ಕೆ ಸಮನಾದ ಒಂದು ಸಾಲಿಲ್ಲ.

ಅವರಿಬ್ಬರೂ ಮಾಡಿದ ತಪ್ಪು ಒಂದೇ, ಅಂಥ ಮನೆಯಲ್ಲಿ ಮಾತ್ರ ಮಾಡಬಹುದಾದ ತಪ್ಪು: ಅವರು ಕಥೆಗಳನ್ನು ನಂಬಿದರು. ಪ್ರತಿ ವಾರ ತಮ್ಮ ಕಣ್ಣೆದುರೇ ಗೋಡೆಗಳನ್ನು ಕೆಡವುವ ಮನುಷ್ಯ, ತನ್ನ ಮನೆಯ ಬಾಲ್ಕನಿಯಲ್ಲಿ ಮಲಗುವ ಹುಡುಗಿಗಾಗಿ ಒಂದು ಇಟ್ಟಿಗೆಯನ್ನಾದರೂ ಜರುಗಿಸುತ್ತಾನೆಂದು ತಿಳಿದರು. ಒಂದು ಭಾನುವಾರ, ಬರೆಸುವುದು ಮುಗಿದು ಅಮ್ಮ ಹಾಳೆಗಳನ್ನು ಜೋಡಿಸುತ್ತಿದ್ದಾಗ, ವಿನುತಾ ಎಲ್ಲವನ್ನೂ ಹೇಳಿದಳು. ಅಪ್ಪನ ಕಣ್ಣಲ್ಲಿ ನೀರು ಬಂತು. ವಾಲ್ಟರ್‌ನನ್ನು ತಬ್ಬಿಕೊಂಡ. ಆಮೇಲೆ ಕುರ್ಚಿ ಎಳೆದುಕೊಂಡು ಕೇಳತೊಡಗಿದ: ಮೊದಲು ಮಾತಾಡಿಸಿದ್ದು ಯಾರು? ಕಂಪನಿಯ ಕ್ಯಾಬಿನಲ್ಲೋ? ಮೊದಲ ಮಾತು ಯಾವುದು? ಅವರು ನಾಚುತ್ತ ಹೇಳಿದರು. ಮಾರ್ಕೆಟ್ಟಿನ ಭುಟ್ಟಾ ಗಾಡಿಯ ಹತ್ತಿರ ವಾಲ್ಟರ್ ಎರಡು ಜೋಳದ ತೆನೆ ಕೊಂಡು, ಸುಟ್ಟು ಕಪ್ಪಾದದ್ದನ್ನು ತಾನಿಟ್ಟುಕೊಂಡು ಎಳೆಯದನ್ನು ಅವಳಿಗೆ ಕೊಟ್ಟನಂತೆ, "ಜೀವನಪೂರ್ತಿ ಹೀಗೇನಾ?" ಎಂದು ಅವಳು ಕೇಳಿದ್ದಳಂತೆ, "ಗಾಡಿಯ ಭಯ್ಯಾ ಚೆನ್ನಾಗಿ ಸುಟ್ಟರೆ ಬೇರೆ ನೋಡುವ," ಎಂದಿದ್ದನಂತೆ. ಅಪ್ಪ ತೊಡೆ ತಟ್ಟಿಕೊಂಡು "ಆಹಾ!" ಎಂದ. ಅವನ ಕುತೂಹಲವನ್ನು ಅವರು ಆಶೀರ್ವಾದವೆಂದು ತಿಳಿದರು. ವಿನುತಾ ಬೇಡಿದ್ದು ಒಂದೇ ಒಂದು.

"ಭಾವ, ನಾನು ಅಪ್ಪನಿಗೆ ಫೋನಲ್ಲಿ ಹೇಳಿಬಿಟ್ಟಿದೀನಿ. ಕೂಗಾಡಿದ್ರು. ಆಮೇಲೆ, ನಿಮ್ಮ ಭಾವ ಹುಡುಗನನ್ನ ನೋಡಿದಾರಾ, ಅವರು ಏನಂತಾರೆ ಅಂದ್ರು. ಹುಡುಗ ಒಳ್ಳೆಯವನು ಅಂತ ನೀವು ಒಂದು ಮಾತು ಹೇಳಿ. ಸಾಕು. ಉಳಿದಿದ್ದು ನಾನು ನೋಡ್ಕೋತೀನಿ."

"ಒಂದು ಮಾತಲ್ಲ ಕಣೇ, ನೂರು ಮಾತು ಹೇಳ್ತೀನಿ," ಎಂದ ಅಪ್ಪ.

ಓಡಿಹೋಗಿ ಮದುವೆಯಾಗಬಹುದಿತ್ತಲ್ಲ ಎಂದು ಇಂದು ನನ್ನ ವಯಸ್ಸಿನ ಗೆಳತಿಯರು ಕೇಳುತ್ತಾರೆ. ವಿನುತಾಗೆ ವಾಲ್ಟರ್ ಬೇಕಿತ್ತು, ತನ್ನ ಮನೆಯೂ ಬೇಕಿತ್ತು. ಗಂಡಸಿಗೆ ಎರಡೂ ಸಹಜವಾಗಿ ದಕ್ಕುವ ಸಮಾಜದಲ್ಲಿ ಹೆಣ್ಣು ಎರಡನ್ನೂ ಕೇಳಿದರೆ ಅದನ್ನು ದುರಾಸೆಯೆನ್ನುವವರು ಮೊದಲು ತಮ್ಮ ತಟ್ಟೆ ನೋಡಿಕೊಳ್ಳಲಿ. ತಾತನ ಕೋಪ ಸಡಿಲಗೊಂಡಿತ್ತು. ಹೆಡ್‌ಮಾಸ್ತರರಿಗೆ ಸೋಲಲು ಒಂದು ಗೌರವದ ನೆಪ ಬೇಕಿತ್ತು, ಆ ನೆಪವನ್ನು ಅವರೇ ದೆಹಲಿಯ ಅಳಿಯನ ಬಾಯಲ್ಲಿಟ್ಟಿದ್ದರು. ಅಳಿಯ ಬಾಯಿ ತೆರೆಯಬೇಕಿತ್ತು, ಅಷ್ಟೆ.

ಮುಂದಿನ ಭಾನುವಾರ ಬರೆಸುವ ಕೆಲಸವಿರಲಿಲ್ಲ. ಅಮ್ಮ ಬೆಳಿಗ್ಗೆಯೇ ಅಕ್ಕಿರೊಟ್ಟಿ ತಟ್ಟಿದಳು. ಯಾರೂ ಸರಿಯಾಗಿ ತಿನ್ನಲಿಲ್ಲ. ವಾಲ್ಟರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಪ್ಪು ಹಿಡಿದು, ಮಂಚದ ತುದಿಯಲ್ಲಿ ಕುಳಿತಿದ್ದ. ಫೋನ್ ಬಂದಾಗ ವಿನುತಾ ಸ್ಪೀಕರ್ ಗುಂಡಿ ಒತ್ತಿದಳು. ತಾತನ ಧ್ವನಿ ತಗಡಿನ ಡಬ್ಬದೊಳಗಿಂದ ಬಂದಂತೆ ಮನೆ ತುಂಬಿತು.

"ಅಳಿಯಂದಿರೇ, ವಿಷಯ ನಿಮಗೆ ಗೊತ್ತು. ಹುಡುಗನನ್ನ ನಾನು ನೋಡಿಲ್ಲ, ನೀವು ನೋಡಿದೀರಿ. ನಿಮ್ಮ ಮಾತೇ ನನಗೆ ಕಣ್ಣು. ಏನಂತೀರಿ? ಕೊಡಬಹುದಾ?"

ಅಪ್ಪ ನಿಂತೇ ಇದ್ದ. ಕೈಗಳು ಬೆನ್ನ ಹಿಂದಿನಿಂದ ಮುಂದಕ್ಕೆ ಬಂದವು, ಒಂದನ್ನೊಂದು ಹಿಡಿದುಕೊಂಡವು. ಕಚೇರಿಯಲ್ಲಿ ಅವನು ಹೇಗೆ ನಿಲ್ಲುತ್ತಾನೆಂದು ನಾನು ನೋಡಿರಲಿಲ್ಲ, ಅಂದು ನೋಡಿದೆ.

"ತಾವು ಹಿರಿಯರು," ಎಂದ. "ತಮಗೆ ಹೇಗೆ ಸರಿ ತೋರುತ್ತೋ ಹಾಗೆ. ಇದರಲ್ಲಿ ನನ್ನದೇನೂ ಇಲ್ಲ."

"ಅಂದ್ರೆ ನಿಮ್ಮ ಮನಸ್ಸಿಗೆ ಬಂದಿಲ್ಲ."

"ಹಾಗಂತಲ್ಲ... ನಾನು ಏನೂ ಹೇಳಲಾರೆ. ನಾಳೆ ಹೆಚ್ಚುಕಮ್ಮಿ ಆದ್ರೆ..."

"ಅರ್ಥ ಆಯ್ತು ಬಿಡಿ," ಎಂದರು ತಾತ. ಫೋನ್ ಕೊಯ್ ಎಂದಿತು.

ವಿನುತಾ ಫೋನಿನ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ಅಳಲೂ ಇಲ್ಲ, ಕಣ್ಣಂಚಿನಲ್ಲಿ ಏನೂ ತುಳುಕಲಿಲ್ಲ. "ಭಾವ?" ಎಂದಳು, ಕೋಣೆಯಲ್ಲಿ ಭಾವ ಎಂಬುವನು ಇದ್ದಾನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ. ಅಪ್ಪ ಕನ್ನಡಕ ತೆಗೆದು ಬನಿಯನ್ನಿನ ಅಂಚಿನಲ್ಲಿ ಒರೆಸತೊಡಗಿದ. ವಾಲ್ಟರ್ ಎದ್ದ. ನಮ್ಮ ಮನೆಯಲ್ಲಿ ಅದುವರೆಗೆ ಕಾಲಿಡದಿದ್ದ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ತನ್ನ ಕಪ್ಪನ್ನು ತಾನೇ ತೊಳೆದು, ಕಿಟಕಿಯ ಮೇಲೆ ಬೋರಲು ಹಾಕಿ ಬಂದ. ಆ ಕಪ್ಪಿನ ಅರ್ಥ ಅವನಿಗೆ ಯಾವಾಗ ತಿಳಿದಿತ್ತೋ ಗೊತ್ತಿಲ್ಲ. "ಬರ್ತೇನೆ ಸರ್," ಎಂದು ಅಪ್ಪನಿಗೆ ಹೇಳಿ ಹೊರಟುಹೋದ. ಅಪ್ಪ ಆ ದಿನ ಮಧ್ಯಾಹ್ನ ಎಂದಿನಂತೆ ಮಲಗಿದ.

ಬಳಿಕ ನಡೆದದ್ದು ಬೇಗ ನಡೆಯಿತು. ತಾತ ಬಂದು ವಿನುತಾಳನ್ನು ಕರೆದುಕೊಂಡು ಹೋದರು. ಕೆಲಸ ಬಿಡಿಸಿದರು. ಬೇಸಿಗೆ ಕಳೆಯುವುದರೊಳಗೆ ಅರಸೀಕೆರೆಯ ಒಂದು ಮನೆತನಕ್ಕೆ ಅವಳನ್ನು ಕೊಟ್ಟರು. ಮದುವೆಗೆ ಹೋದ ನಾವು ಮೊದಲ ಸಾಲಿನಲ್ಲಿ ಕುಳಿತೆವು. ಅಪ್ಪ ಅಕ್ಷತೆ ಹಾಕಿದ. ವಾಲ್ಟರ್ ಪುಣೆಗೆ ವರ್ಗ ಕೇಳಿಕೊಂಡು ಹೋದನೆಂದು ಯಾರೋ ಹೇಳಿದರು. ಬಾಲ್ಕನಿಯಲ್ಲಿ ಹಳೆಯ ಕೂಲರು, ಗೋಧಿಯ ಡ್ರಮ್ಮು ಬಂದು ಕೂತವು.

ಚಳಿಗಾಲ ಬಂದಾಗ ಅಪ್ಪ ಮತ್ತೆ ಬರೆಸಲು ನಿಂತ. ಕ್ಯಾಬಿನಲ್ಲಿ ಭೇಟಿಯಾಗುವ ಹುಡುಗ ಹುಡುಗಿ, ಅಕ್ಕನ ಮನೆ, ಭುಟ್ಟಾ ಗಾಡಿ, ಎರಡು ತೆನೆ. "ಜೀವನಪೂರ್ತಿ ಹೀಗೇನಾ, ಪ್ರಶ್ನಾರ್ಥಕ," ಎಂದು ಅಪ್ಪ ಹೇಳಿದ. ಅಮ್ಮ ತಲೆಯೆತ್ತದೆ ಬರೆದಳು. ತನ್ನ ತಂಗಿಯ ಮಾತನ್ನು ತನ್ನ ದುಂಡಗಿನ ಅಕ್ಷರದಲ್ಲಿ, ಶಾಲು ಹೊದ್ದು, ಬೆರಳಿಗೆ ಬಿಸಿಯುಸಿರು ಊದಿಕೊಳ್ಳುತ್ತ ಬರೆದಳು. ಕೊನೆಯ ಪುಟ ಬಂತು. ಕಥೆಯೊಳಗೆ ಫೋನ್ ರಿಂಗಾಯಿತು. ಹುಡುಗಿಯ ತಂದೆ ಕೇಳಿದ: ಕೊಡಬಹುದಾ? ಅಪ್ಪ ಅಲ್ಮೆರಾದ ಬಳಿ ನಿಂತು, ಬಲಗೈ ಎತ್ತಿ, ಕಂಪಿಸುವ ಧ್ವನಿಯಲ್ಲಿ ಬರೆಸಿದ: "ಕೊಡಬಹುದಾ ಅಂತ ಕೇಳಬೇಡಿ ಮಾವ, ಅವರಿಬ್ಬರೂ ಈಗಾಗಲೇ ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದಾರೆ. ನೀವು ಬಾರದಿದ್ದರೆ ಧಾರೆಯೆರೆಯಲು ನಾನಿದ್ದೇನೆ. ಫುಲ್‌ಸ್ಟಾಪ್."

ಅಮ್ಮ ಬರೆಯಲಿಲ್ಲ.

"ಇದನ್ನ ಯಾರು ಹೇಳಿದ್ದು?" ಎಂದಳು.

"ಭಾವ."

"ಯಾವ ಭಾವ?"

"ಕಥೆಯಲ್ಲಿ ಬರೋ ಭಾವ ಕಣೇ. ನಾಯಕಿಯ ಅಕ್ಕನ ಗಂಡ."

"ಅವನಿಗೆ ಹೆಸರು?"

"ಹೆಸರು ಬೇಡ. ಭಾವ ಅಂದ್ರೆ ಸಾಕು. ಬರ್ಕೋ, ಓಟ ತಪ್ಪುತ್ತೆ."

ಅಮ್ಮ ಬರೆದಳು. ಅದನ್ನೂ ಇಲ್ಲಿ ದಾಖಲಿಸಬೇಕು. ಅಮ್ಮನೆಂಬ ಕಾರಣಕ್ಕೆ ಬಿಟ್ಟುಬಿಡುವುದು ಇನ್ನೊಂದು ಬಗೆಯ ಕಥೆ ಕಟ್ಟುವ ಕೆಲಸವಾದೀತು.

ಕಥೆ ಬಣ್ಣದ ಚಿತ್ರದೊಡನೆ ಅಚ್ಚಾಯಿತು. ಮನೆಗೆ ಜನ ಬಂದರು. ನೆರೆಯ ಬ್ಲಾಕಿನಲ್ಲಿದ್ದ ಕೊಡಗಿನ ನಿವೃತ್ತ ಕರ್ನಲ್ಲರು ದೆಹಲಿ ಕನ್ನಡಿಗರ ಓದುಗರ ಬಳಗದ ಅಧ್ಯಕ್ಷರು, ಅವರು ಮಿಠಾಯಿ ಡಬ್ಬಿ ತಂದು, "ಫೌಜಿನಲ್ಲಿ ನಾನು ಧೈರ್ಯ ನೋಡಿದ್ದೇನೆ, ಆದರೆ ನಿಮ್ಮ ಆ ಭಾವನ ಧೈರ್ಯ! ಸಮಾಜಕ್ಕೆ ಅಂಥವರು ಬೇಕು," ಎಂದರು. ಅಪ್ಪ ವಿನಯದಿಂದ ನಕ್ಕ. ಅಪ್ಪ ಸುಳ್ಳುಗಾರನಲ್ಲ ಎಂಬುದೇ ಇದರ ಭಯಾನಕ ಭಾಗ. ಆ ಮಾತನ್ನು ತಾನು ಆಡಿದ್ದೇನೆಂದೇ ಅವನು ನಂಬತೊಡಗಿದ್ದ. ಕಾಗದದ ಮೇಲೆ ಧೈರ್ಯ ಮಾಡಿದವನಿಗೆ ಧೈರ್ಯಸ್ಥನ ನಿದ್ದೆ ಬರುತ್ತದೆ. ಆ ನಿದ್ದೆಗೆ ಹಾಸಿಗೆಯಾದವರು ಯಾರೆಂದು ನಮ್ಮ ಪ್ರಗತಿಪರ ಓದುಗರು ಎಂದಾದರೂ ಕೇಳಿದರೇ? ಅವರಿಗೆ ಅಳುವುದು ಬೇಕಿತ್ತು, ಅತ್ತರು, ಎದ್ದು ಹೋಗಿ ತಮ್ಮ ಹೆಣ್ಣುಮಕ್ಕಳಿಗೆ ಸ್ವಜಾತಿಯ ಜಾತಕ ಹುಡುಕಿದರು.

ಅರಸೀಕೆರೆಯ ಆ ಮನೆಗೂ ಅದೇ ವಾರಪತ್ರಿಕೆ ಬರುತ್ತಿತ್ತು. ವಿನುತಾ ತನ್ನ ದೆಹಲಿಯ ದಿನಗಳನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಕಥೆ ಹೇಳಿತು. ಊರು, ಕಂಪನಿಯ ಕ್ಯಾಬು, ಕಥೆ ಬರೆಯುವ ಭಾವ, ಯಾವುದನ್ನೂ ಮರೆಮಾಡುವ ಕಷ್ಟವನ್ನು ಅಪ್ಪ ತೆಗೆದುಕೊಂಡಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಅವಳ ಫೋನ್ ಬಂತು. ನಾನು ಎತ್ತಿದೆ; ಅಪ್ಪನಿಗೆ ಕೊಡು ಎಂದಳು. ಅಪ್ಪ ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದ.

"ಭಾವ, ಇಲ್ಲಿ ಎಲ್ಲರೂ ಓದಿದ್ರು. ನಮ್ಮತ್ತೆ ಜಗಲಿ ಮೇಲೆ ಕೂತು ಜೋರಾಗಿ ಓದಿ ಹೇಳಿದ್ರು. ಇವರು ನನ್ನ ಜೊತೆ ಮಾತು ಬಿಟ್ಟಿದಾರೆ."

"ಅಯ್ಯೋ... ಅದು ಬರೀ ಕಥೆ ವಿನೂ. ನಾನು ಬೇಕಾದ್ರೆ ಅವರಿಗೆ..."

"ಏನೂ ಹೇಳೋದು ಬೇಡ. ಒಂದು ಕೇಳ್ತೀನಿ ಅಷ್ಟೆ. ಕೊನೇಲಿ ಅಪ್ಪನಿಗೆ ಹೇಳಿದೀರಲ್ಲ, ಧಾರೆ ಎರೆಯೋಕೆ ನಾನಿದೀನಿ ಅಂತ. ಎಷ್ಟು ಚೆನ್ನಾಗಿದೆ. ಅವತ್ತೇ ಹೇಳಬಹುದಿತ್ತಲ್ಲ ಭಾವ?"

"ಕಲೆ ಬೇರೆ, ಬದುಕು ಬೇರೆ ಕಣಮ್ಮ," ಎಂದ ಅಪ್ಪ.

"ನನಗೆ ಎರಡೂ ನಿಮ್ಮಿಂದಲೇ ಬಂತು," ಎಂದು ಫೋನಿಟ್ಟಳು.

ಅದರ ಮುಂದಿನ ಭಾನುವಾರ ಅಮ್ಮ ಹೊಲಿಗೆ ಯಂತ್ರದ ಮುಚ್ಚಳ ತೆಗೆದಳು. ನಾನು ಕಂಡಂತೆ ಭಾನುವಾರದಂದು ಅದು ತೆರೆದುಕೊಂಡದ್ದು ಅದೇ ಮೊದಲು. ಅಪ್ಪ ಕೈಕಟ್ಟಿ ನಿಂತು "ನ್ಯೂ ಪ್ಯಾರಾ" ಎಂದಾಗ ಅವಳು ಹಳೆಯ ಪರದೆಯೊಂದನ್ನು ಸೂಜಿಯ ಕೆಳಗೆ ತಳ್ಳಿ ಪೆಡಲು ತುಳಿದಳು. "ಕೈ ನೋಯ್ತಿದೆ, ನೀವೇ ಬರ್ಕೊಳ್ಳಿ," ಎಂದಳು. ಯಂತ್ರದ ಸದ್ದು ಊಟದ ಹೊತ್ತಿನವರೆಗೂ ನಿಲ್ಲಲಿಲ್ಲ. ಅಪ್ಪ ಪೆನ್ನು ಹಿಡಿದು ಕೂತು ನೋಡಿದ. ಬೇರೆಯವರು ಹೇಳಿದ್ದನ್ನು ಬರೆದುಕೊಳ್ಳಲು ಮಾತ್ರ ಪಳಗಿದ್ದ ಆ ಕೈಗೆ ತನ್ನ ಮಾತು ಬರೆಯಲು ಬರಲಿಲ್ಲ. ನನ್ನನ್ನೂ ಕರೆದ. ನನ್ನ ಕಾಗೆಕಾಲು ಅಕ್ಷರ ನೋಡಿ ಬಿಟ್ಟ. ಅಲ್ಲಿಗೆ ನಮ್ಮ ಮನೆಯ ಪ್ರೇಮಕಥೆಗಳು ನಿಂತವು. 'ಅನುಭವ ಇನ್ನೂ ಮಾಗಬೇಕು' ಎಂದು ಅಪ್ಪ ಓದುಗರಿಗೆ ಹೇಳುತ್ತಿದ್ದ. ಅಮ್ಮ, ಅಪ್ಪ ಕಚೇರಿಯಲ್ಲಿದ್ದಾಗ, ಅರಸೀಕೆರೆಗೆ ಫೋನ್ ಮಾಡಿ ತಂಗಿಯೊಡನೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು.

ಅಪ್ಪ ನಿವೃತ್ತನಾದ ಮೇಲೆ ನಾವು ಜನಕಪುರಿಗೆ ಮನೆ ಬದಲಾಯಿಸಿದೆವು. ನಾನು ಮುನಿರ್ಕಾದಲ್ಲಿ ಗೆಳತಿಯರೊಡನೆ ಕೋಣೆ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗತೊಡಗಿದ್ದೆ. ಎದುರು ಕುಳಿತವರನ್ನು ನೇರವಾಗಿ ಪ್ರಶ್ನಿಸುವುದು ತಪ್ಪಲ್ಲ ಎಂದು ನನಗೆ ಕಲಿಸಿದ ಜಾಗ ಅದು. ಆ ದಿನಗಳಲ್ಲೇ ಓದುಗರ ಬಳಗ ಅಪ್ಪನಿಗೆ ಸನ್ಮಾನ ಇಟ್ಟುಕೊಂಡಿತು. ಬೇಸಿಗೆಯ ಒಂದು ಭಾನುವಾರ, ಒಂದು ಶಾಲೆಯ ಸಭಾಂಗಣ. ಅಪ್ಪನಿಗೆ ಶಾಲು ಹೊದಿಸಿದರು, ಆ ಕಥೆಯ ಕೊನೆಯ ಪುಟವನ್ನು ಯಾರೋ ಓದಿದರು, ಜನ ಕಣ್ಣೊರೆಸಿಕೊಂಡರು. ಕರ್ನಲ್ಲರು ಪ್ರಶ್ನೆಗಳಿದ್ದರೆ ಕೇಳಿ ಎಂದರು. ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಭಾನುವಾರವೂ ಪಾಳಿ ಮುಗಿಸಿ ಬಂದಿದ್ದಳೇನೋ, ಕುತ್ತಿಗೆಯಲ್ಲಿ ಇನ್ನೂ ಆಫೀಸಿನ ಗುರುತಿನ ಪಟ್ಟಿ. ಪಕ್ಕದಲ್ಲಿ ಒಬ್ಬ ಹುಡುಗ ತಲೆತಗ್ಗಿಸಿ ಕುಳಿತಿದ್ದ.

"ಸರ್, ನಾನು ಹಾಸನದವಳು, ಇಮ್ರಾನ್ ಗದಗಿನವರು. ಇಬ್ಬರೂ ನೋಯ್ಡಾದಲ್ಲಿ ಕೆಲಸ ಮಾಡ್ತೀವಿ. ಮನೇಲಿ ಒಪ್ತಿಲ್ಲ. ನಮ್ಮಪ್ಪ ನಿಮ್ಮ ಫ್ಯಾನ್ ಸರ್. ನೀವು ಒಂದೇ ಒಂದು ಸಲ ಅವರ ಹತ್ರ ಮಾತಾಡಿದ್ರೆ..."

"ಖಂಡಿತ ಮಗಳೇ," ಎಂದ ಅಪ್ಪ. ಕಣ್ಣು ಒದ್ದೆಯಾಗಿತ್ತು. "ಮೊದಲು ಹೇಳು, ನೀವಿಬ್ಬರೂ ಭೇಟಿಯಾಗಿದ್ದು ಎಲ್ಲಿ?"

ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತೆ.

"ಅವಳಿಗೆ ಉತ್ತರ ಕೊಡುವ ಮೊದಲು ನನಗೊಂದು ಉತ್ತರ ಕೊಡಿ. ಈ ಕಥೆಯಲ್ಲಿರುವ ಫೋನ್ ನಮ್ಮ ಮನೆಗೆ ಬಂದಿತ್ತು. ಅವತ್ತು ತಾತ ಕೇಳಿದಾಗ ನೀವು ಏನು ಹೇಳಿದಿರಿ?"

ಅಪ್ಪ ನಕ್ಕ. ನಗು ನಿಲ್ಲಲು ಜಾಗ ಸಿಗದೆ ಮುಖದ ಮೇಲೆ ಅಲೆಯಿತು. ಅವನು ಮೊದಲ ಸಾಲಿನಲ್ಲಿದ್ದ ಅಮ್ಮನ ಕಡೆ ನೋಡಿದ, ಸಂದೇಹ ಬಂದಾಗ ಹಿಂದಿನ ವಾಕ್ಯ ಓದಿ ಹೇಳು ಎಂದು ನೋಡುತ್ತಿದ್ದ ಹಾಗೆ. ಅಮ್ಮ ಕುಳಿತಲ್ಲಿಂದಲೇ, ಏರಿಳಿತವಿಲ್ಲದೆ ಹೇಳಿದಳು:

"ತಾವು ಹಿರಿಯರು. ತಮಗೆ ಹೇಗೆ ಸರಿ ತೋರುತ್ತೋ ಹಾಗೆ. ಇದರಲ್ಲಿ ನನ್ನದೇನೂ ಇಲ್ಲ. ಫುಲ್‌ಸ್ಟಾಪ್."

ಕರ್ನಲ್ಲರು ಮೈಕಿನೊಳಗೆ ಕೆಮ್ಮಿ, "ಅಚ್ಛಾ... ಚಲೋ, ಕಾಫಿ ಆರ್ತಾ ಇದೆ, ಎಲ್ಲರೂ ಬನ್ನಿ," ಎಂದರು. ಜನ ಉಪ್ಪಿಟ್ಟಿನ ಕಡೆ ಹೊರಟರು. ಒಬ್ಬಾಕೆ ನನ್ನ ಭುಜ ಹಿಡಿದು, ಹೆತ್ತ ತಂದೆಯನ್ನು ಸಭೆಯಲ್ಲಿ ಹೀಗೆ ಕೇಳಬಾರದು ಕಂದ, ಮನೆಯ ಮಾತು ಮನೆಯಲ್ಲಿರಬೇಕು ಎಂದರು. ಮನೆಯ ಮಾತನ್ನು ಚಿತ್ರಸಮೇತ ಮಾರಿದ್ದು ಯಾರು ಎಂದು ನಾನು ಕೇಳಿದೆ. ಅವರು ತಟ್ಟೆ ಹಿಡಿದು ಮುಂದೆ ಹೋದರು. ಹಾಸನದ ಹುಡುಗಿ ಇಮ್ರಾನ್‌ನ ತೋಳು ಹಿಡಿದು ಬಾಗಿಲಿನ ಕಡೆ ನಡೆಯುತ್ತಿದ್ದಳು. ಅವಳು ಹಿಂತಿರುಗಿ ನೋಡಲಿಲ್ಲ.

ಜನಕಪುರಿಗೆ ಆಟೋದಲ್ಲಿ ಹೊರಟೆವು. ನಡುವೆ ಅಪ್ಪ, ಆಚೀಚೆ ನಾವಿಬ್ಬರು. ಶಾಲನ್ನು ಮಡಿಸಿ ಅವನು ತೊಡೆಯ ಮೇಲಿಟ್ಟುಕೊಂಡಿದ್ದ. ಅರ್ಧ ದಾರಿಯಲ್ಲಿ ಅಪ್ಪ, ತನಗೆ ತಾನೇ ಎಂಬಂತೆ, ಆ ಹಳೆಯ ಒದ್ದೆ ಧ್ವನಿಯಲ್ಲಿ ಶುರುಮಾಡಿದ.

"ಮಗಳು ಸಭೆಯಲ್ಲಿ ಎದ್ದು ನಿಲ್ತಾಳೆ. ಹೆಂಡತಿ ಉತ್ತರ ಕೊಡ್ತಾಳೆ. ಒಳ್ಳೆ ಕಥೆ ಆಗುತ್ತೆ ಇದು. ಕೊನೇಲಿ ಅವನು ಆ ಹುಡುಗಿ ಹತ್ರ ಕ್ಷಮೆ ಕೇಳ್ತಾನೆ."

"ಕೇಳಿ," ಎಂದಳು ಅಮ್ಮ.

"ಏನು?"

"ಕ್ಷಮೆ. ಕಥೆ ಆಮೇಲೆ ನೋಡೋಣ."

ಅಮ್ಮ ಚೀಲದಿಂದ ಮೊಬೈಲು ತೆಗೆದು, ನಂಬರು ಒತ್ತಿ, ಅಪ್ಪನ ಕಿವಿಗೆ ಹಿಡಿದಳು. ಅವನು ತಲೆ ಹಿಂದಕ್ಕೆ ತೆಗೆಯಲು ಜಾಗವಿರಲಿಲ್ಲ. ಒಂದು ಕಡೆ ಅವಳು, ಇನ್ನೊಂದು ಕಡೆ ನಾನು. ಸಿಗ್ನಲಿನಲ್ಲಿ ಆಟೋ ನಿಂತಿತು. ಆ ಕಡೆಯಿಂದ ವಿನುತಾಳ ಧ್ವನಿ ನನಗೂ ಕೇಳಿಸಿತು. "ಹಲೋ? ಅಕ್ಕಾ?" ಎಂದಳು. ಆಮೇಲೆ, "ಯಾರು?" ಎಂದಳು.

"ನಾನು ಕಣಮ್ಮ, ಭಾವ," ಎಂದ ಅಪ್ಪ. ಅವನ ತುಟಿ ಎರಡು ಮೂರು ಸಲ ತೆರೆದು ಮುಚ್ಚಿತು.

"ಚೆನ್ನಾಗಿದೀಯಾ?" ಎಂದ. "ನಿಮ್ಮ ಕಡೆ ಮಳೆ ಆಯ್ತಾ? ಇಲ್ಲಿ ತುಂಬಾ ಬಿಸಿಲು."